ಹುಬ್ಬಳ್ಳಿ–ಮಂಗಳೂರು ‘55 ನಿಮಿಷ’ ಅಂತ ಟಿಕೆಟ್ ಮಾರುತ್ತಾರೆ, ಹುಷಾರ್

ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗೋಣ ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ತಂಗಿಯ ಮಗಳ ಮದುವೆಗೆ ಹೊರಟ ನನಗೂ ಅವ್ವನಿಗೂ ಅಕ್ಕಿಕಾಳು ಹಾಕಲಿಕ್ಕೂ ಸಿಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅವ್ವನಿಗೆ 74. ಮೊಣಕಾಲು ನೋವು, ಸ್ಲೀಪರ್ ಬಸ್ ಹತ್ತುವುದು ಕಷ್ಟ. ಅದಕ್ಕೇ ಏಜೆಂಟ್ ಹತ್ತಿರ ಹೋದೆ. ಅವನು ವಾಟ್ಸಾಪಿನಲ್ಲಿ ಕಳಿಸಿದ್ದು ಇದು: “ಬಸ್ಸಿಗೆ ರಾತ್ರಿಯೆಲ್ಲಾ ಬೇಕು ಸರ್. ವಿಮಾನದಾಗ 270 ಕಿಲೋಮೀಟರ್, 55 ನಿಮಿಷ. ಚಾ ಕುಡಿಯೋದರಾಗ ಬಜ್ಪೆ.” ಬಜ್ಪೆ ಅಂದರೆ ಮಂಗಳೂರಿನ ವಿಮಾನ ನಿಲ್ದಾಣ. ದುಡ್ಡು ಹಾಕಿದೆ.

ಟಿಕೆಟ್ ಬಂದದ್ದು ಹೊರಡುವ ಹಿಂದಿನ ರಾತ್ರಿ. ನೋಡಿದರೆ ಎರಡು ಟಿಕೆಟ್! ಹುಬ್ಬಳ್ಳಿ–ಬೆಂಗಳೂರು ಒಂದು, ಬೆಂಗಳೂರು–ಮಂಗಳೂರು ಇನ್ನೊಂದು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ನಂಬರ್). ಫೋನ್ ಮಾಡಿದರೆ, “ಅದು ಹಂಗ ಬರ್ತದ್ರೀ ಸರ್. ಬೆಂಗಳೂರಾಗ ಇಳಿಯೋದು, ಹತ್ತೋದು, ಅಷ್ಟ.” ಆಗಲೇ ಜಗಳ ಮಾಡಬೇಕಿತ್ತು. ಮಾಡಲಿಲ್ಲ, ನಂಬಿದೆ.

ಭೂಪಟದ ಮೇಲೆ ಗೆರೆ ಎಳೆದರೆ 270 ಕಿಲೋಮೀಟರ್ ಸರಿಯೇ. ಆದರೆ ಆ ದಿನ ಆ ಗೆರೆಯ ಮೇಲೆ ಒಂದೂ ವಿಮಾನ ಇರಲಿಲ್ಲ! ನಾವು ಹಾರಿದ್ದು ಬೆಂಗಳೂರಿಗೆ ಸುಮಾರು 370, ಅಲ್ಲಿಂದ ಮತ್ತೆ 300ರ ಮೇಲೆ.

ಬೆಳಗ್ಗೆ ಏಳರ ವಿಮಾನ ಒಂದು ತಾಸು ಇಪ್ಪತ್ತು ನಿಮಿಷ ತಡ. ದೇವನಹಳ್ಳಿಯಲ್ಲಿ ಇಳಿದಾಗ ಒಂಬತ್ತೂವರೆ. ಮುಂದಿನದು ಹತ್ತಕ್ಕೆ, ಅದೂ ಇನ್ನೊಂದು ಟರ್ಮಿನಲ್‌ನಿಂದ. ಪಿಎನ್‌ಆರ್ ಬೇರೆ, ಹಾಗಾಗಿ ಬ್ಯಾಗು ಬೆಲ್ಟಿನಿಂದ ನಾವೇ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಕೌಂಟರು ಒಂದು ತಾಸು ಮೊದಲೇ ಮುಚ್ಚಿತ್ತು. ಗಾಲಿಕುರ್ಚಿಯಲ್ಲಿ ಕೂತ ಅವ್ವ, “ಇನ್ನ ಎಷ್ಟೊತ್ತು ಆಗ್ತದೋ?” ಅಂತ ಕೇಳುತ್ತಲೇ ಇದ್ದಳು. ಮುಹೂರ್ತ 12.20ಕ್ಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಕಂಪನಿಯವರು, “ನಮ್ಮ ಟಿಕೆಟ್ ಬೆಂಗಳೂರಿನವರೆಗೆ ಮಾತ್ರ” ಅಂದರು. ಎರಡನೆಯವರು, “ನೀವು ಸಮಯಕ್ಕೆ ಬಂದಿಲ್ಲ” ಅಂದರು. ಹೊಸ ಟಿಕೆಟ್ ಕೊಂಡು ಬಜ್ಪೆಯಲ್ಲಿ ಇಳಿದಾಗ ಸಂಜೆ ಆರು. ಹಾಲ್ ಖಾಲಿ ಮಾಡುತ್ತಿದ್ದರು.

ಏಜೆಂಟನಿಗೆ ಫೋನ್ ಹಚ್ಚಿದೆ. ಅವನ ಮಾತು ಇನ್ನೂ ಕಿವಿಯಲ್ಲಿದೆ: “ಸರ್, ನೀವು ಕೇಳಿದ್ದು ಮಂಗಳೂರು ಎಷ್ಟು ದೂರ ಅಂತ. ನಾ ಹೇಳಿದ್ದು ಖರೇನ ಅದ, ಗೂಗಲ್‌ದಾಗ ನೋಡ್ರಿ.” ನಾನು ಕೇಳಿದ್ದು ದೂರ ಅಲ್ಲ! ಎಷ್ಟೊತ್ತಿಗೆ ಮುಟ್ಟತೇವಿ ಅಂತ ಕೇಳಿದ್ದೆ. ಮೆಸೇಜ್ ಇದೆ, ತೋರಿಸಿದೆ. ಅದಕ್ಕೆ, “ವಿಮಾನ ತಪ್ಪಿಸಿಕೊಂಡಿದ್ದು ನೀವು. ನಾ ಏನ್ ಮಾಡ್ಲಿ?”

ಯಾರಾದರೂ ದೂರ, ನಿಮಿಷ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನೇರ ವಿಮಾನ ಇದೆಯೋ ಇಲ್ಲವೋ, ಇದ್ದರೆ ಯಾವ ವಾರ, ವಿಮಾನದ ನಂಬರ್ ಏನು ಅಂತ ಕೇಳಿ. ಇಳಿದು ಹತ್ತುವುದಿದ್ದರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರಲೇಬೇಕು. ಆಗ ಮೊದಲನೆಯದು ತಡವಾದರೆ ಮುಂದಿನದರ ಹೊಣೆ ವಿಮಾನ ಕಂಪನಿಯದು. ಟಿಕೆಟ್ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಏಜೆಂಟ್ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಅವ್ವ ತಂದ ಸೀರೆ ಇನ್ನೂ ಬ್ಯಾಗಿನಲ್ಲೇ ಇದೆ.