ಪತ್ರಾಸಿನ ಕೆಳಗೆ ತಣ್ಣನೆಯ ಹಸಿರು ಚಹಾ: ಎರಡು ಬೇಸಿಗೆ ಬಳಸಿದ ಜಾಳಿ ಬಾಟಲಿ

ವಿಜಯಪುರದಲ್ಲಿ ನನ್ನ ಹೊಲಿಗೆ ಅಂಗಡಿ ಇರುವುದು ಮನೆಯ ಮುಂದಿನ ಖೋಲಿಯಲ್ಲಿ. ಮೇಲೆ ಪತ್ರಾಸು, ಅಂದರೆ ತಗಡಿನ ಹೊದಿಕೆ. ಏಪ್ರಿಲ್, ಮೇ ಬಂತೆಂದರೆ ಲಗ್ನದ ಸೀಜನ್. ದಿನಕ್ಕೆ ಎಂಟ್ಹತ್ತು ಜಂಪರು (ಬ್ಲೌಸು) ಮುಗಿಯಲೇಬೇಕು. ಎರಡು ಮಿಶಿನ್ನು, ಒಂದು ಇಸ್ತ್ರಿ, ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಅಂಥದ್ದರಲ್ಲೂ ನಾನು ಮತ್ತು ನನ್ನ ಜೊತೆ ಹೊಲಿಯುವ ಇಬ್ಬರು ಹುಡುಗಿಯರು ದಿನಕ್ಕೆ ಆರಾರು ಸಲ ಹಾಲಿನ ಚಹಾ ಕುಡಿಯುತ್ತಿದ್ದೆವು. ಸಲಕ್ಕೆ 2 ಚಮಚ ಸಕ್ಕರೆ ಅಂದರೂ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ 12 ಚಮಚ. ಸಂಜೆ ಆಗುವಷ್ಟರಲ್ಲಿ ಎದೆಯುರಿ, ಮತ್ತೆ ಬಾಯಾರಿಕೆ. ಮಜ್ಜಿಗೆ ಕುಡಿದರೆ ನನಗೆ ನಿದ್ದೆ ಬರುತ್ತದೆ, ಕತ್ತರಿ ಹಿಡಿದವಳಿಗೆ ಅದು ನಡೆಯುವುದಿಲ್ಲ. ಹಾಗಾಗಿ ತಣ್ಣೀರಿನಲ್ಲಿ ನೆನೆಸಿದ ಹಸಿರು ಚಹಾ ಶುರು ಮಾಡಿದೆ. ಎರಡು ಬೇಸಿಗೆ ಮುಗಿದಿವೆ, ಈಗ ಅದರ ಬಾಟಲಿಯ ಬಗ್ಗೆ ಬರೆಯುವಷ್ಟು ಗೊತ್ತಾಗಿದೆ.

ಮೊದಲು ಬಾಟಲಿ ಇರಲಿಲ್ಲ. ಅಸ್ತರಕ್ಕೆ ತಂದ ಮಲಮಲ್ ಬಟ್ಟೆಯಲ್ಲಿ 4 ಇಂಚು ಉದ್ದ, 3 ಇಂಚು ಅಗಲದ ಚೀಲ ಹೊಲಿದು, ಬಾಯಿಗೆ ದಾರ ಹಾಕಿ, ಎಲೆ ತುಂಬಿ ಸ್ಟೀಲ್ ಡಬ್ಬಿಯ ನೀರಿನಲ್ಲಿ ಬಿಟ್ಟೆ. ಮೊದಲ ದಿನ ಚಹಾ ಪೂರ್ತಿ ಗಂಜಿ ವಾಸನೆ, ಹೊಸ ಬಟ್ಟೆಯಲ್ಲವೇ. ಎರಡು ಸಲ ಕುದಿಸಿ ತೊಳೆದ ಮೇಲೆ ವಾಸನೆ ಹೋಯಿತು, ಆದರೆ ರುಚಿ ಬರಲಿಲ್ಲ. ಬೆಳಿಗ್ಗೆ ಚೀಲ ಬಿಚ್ಚಿ ನೋಡಿದರೆ ಎಲೆ ಉಬ್ಬಿ ಲೋಡಿನ ಹಾಗೆ ಗಟ್ಟಿಯಾಗಿತ್ತು. ಅಂಚಿನವು ಅರಳಿದ್ದವು, ನಡುವಿನವು ಇನ್ನೂ ಸುರುಳಿಯಾಗಿಯೇ ಇದ್ದವು. ಬಿಗಿ ತೋಳಿನ ಜಂಪರು ಹಾಕಿಕೊಂಡರೆ ಕೈ ಎತ್ತಲು ಬರುವುದಿಲ್ಲವಲ್ಲ, ಆ ಎಲೆಗಳ ಸ್ಥಿತಿಯೂ ಅದೇ. ಈ ಚಹಾಕ್ಕೆ ಎಲೆ ಅರಳುವಷ್ಟು ಸಡಿಲ ಜಾಗ ಬೇಕು ಎಂದು ಅವತ್ತೇ ತಿಳಿಯಿತು. ಅದಕ್ಕಾಗಿಯೇ 899 ರೂಪಾಯಿ ಕೊಟ್ಟು ಒಳಗೆ ಸ್ಟೀಲ್ ಜಾಳಿ ಇರುವ ಗಾಜಿನ ಬಾಟಲಿ ಆನ್‌ಲೈನಿನಲ್ಲಿ ತರಿಸಿದೆ.

ಟೇಪು ಹಿಡಿದು ಅಳೆದಿದ್ದೇನೆ: ಎತ್ತರ 12 ಇಂಚು, ಸುತ್ತಳತೆ ಹತ್ತೂವರೆ ಇಂಚು, 1 ಲೀಟರ್ ನೀರು ಹಿಡಿಯುತ್ತದೆ. ಜಾಳಿಯ ಕೊಳವೆ ಬಾಯಿಯಿಂದ ಕೆಳಗೆ 7 ಇಂಚು ಇಳಿಯುತ್ತದೆ, ಈ ಬಾಟಲಿಯ ಒಳ್ಳೆಯ ಗುಣ ಅದೇ. ಅಂಗಡಿಗಳಲ್ಲಿ ನೋಡಿದ ಕೆಲವು ಬಾಟಲಿಗಳಲ್ಲಿ ಜಾಳಿ ಮೂರೇ ಇಂಚು, ಬಾಯಿಯ ಹತ್ತಿರವೇ ನೇತಾಡುತ್ತದೆ. ಬಾಟಲಿ ಸ್ವಲ್ಪ ಖಾಲಿಯಾದರೆ ಎಲೆ ನೀರಿನಿಂದ ಮೇಲೆಯೇ ಉಳಿಯುತ್ತದೆ. ಅಂಥದ್ದನ್ನು ಕೊಳ್ಳಬೇಡಿ.

ಮಾಡುವುದು ಸರಳ. 10 ಗ್ರಾಂ ಎಲೆ, 1 ಲೀಟರ್ ತಣ್ಣೀರು, ರಾತ್ರಿ ಹತ್ತಕ್ಕೆ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಆರಕ್ಕೆ ಜಾಳಿ ಹೊರಗೆ. ತಕ್ಕಡಿ ಇಲ್ಲದವರು ನಾಲ್ಕು ಚಹಾ ಚಮಚ ಹಾಕಿ ನೋಡಿ, ಎಲೆ ದೊಡ್ಡದಿದ್ದರೆ ಐದು. ಜಾಳಿ ತೆಗೆಯುವ ಮುಂಚೆ ಬಾಟಲಿಯನ್ನು ಒಂದು ಸಲ ಮೆಲ್ಲಗೆ ಬಗ್ಗಿಸಿ ನೆಟ್ಟಗೆ ಮಾಡುತ್ತೇನೆ, ಯಾಕೆಂದರೆ ಗಟ್ಟಿ ರಸ ತಳದಲ್ಲಿ ಕೂತಿರುತ್ತದೆ. ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಬರುವ ಬಣ್ಣ ಎಳೆ ಹಳದಿ, ಅದರಲ್ಲಿ ಹಸಿರಿನ ಒಂದು ಛಾಯೆ. ಮೂಗಿನ ಹತ್ತಿರ ಹಿಡಿದರೆ ಹಸಿ ಕಡಲೆ ಗಿಡ ಕಿತ್ತಾಗ ಬರುವ ವಾಸನೆ. ಬಾಯಿಗೆ ಮೊದಲು ನೀರೇ ಅನ್ನಿಸುತ್ತದೆ, ನುಂಗಿದ ಮೇಲೆ ನಾಲಿಗೆಯ ಹಿಂದೆ ಸೀತನಿ (ಜೋಳದ ಎಳೆ ತೆನೆಯ ಕಾಳು) ತಿಂದಂಥ ಸಣ್ಣ ಸಿಹಿ ಉಳಿಯುತ್ತದೆ. ನಮ್ಮ ಅತ್ತೆ ಮೊದಲ ಸಲ ಕುಡಿದು, "ಇದೇನ್ ಚಹಾನೂ ಅಲ್ಲ, ನೀರೂ ಅಲ್ಲ. ಖರೆ ಬಾಯಿಗೆ ಹಿತ ಅನ್ನಸ್ತೈತಿ ನೋಡವಾ" ಅಂದರು. ನನಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಹಸಿರು ಚಹಾ ಕಹಿ ಎಂದು ಬಿಟ್ಟವರು ಬಹಳ ಮಂದಿ. ಆ ಕಹಿ ಕುದಿಯುವ ನೀರಿನದು. ಎಲೆಯೊಳಗಿನ ಕ್ಯಾಟೆಚಿನ್ ಮತ್ತು ಕೆಫೀನ್ ಬಿಸಿನೀರಿನಲ್ಲಿ ಬೇಗ, ಹೆಚ್ಚು ಇಳಿಯುತ್ತವೆ. ನಾಲಿಗೆ ಒಗರುವುದು, ಕಹಿಯಾಗುವುದು ಅವುಗಳಿಂದ. ತಣ್ಣೀರಿನಲ್ಲಿ ಅವು ನಿಧಾನವಾಗಿ, ಕಡಿಮೆ ಇಳಿಯುತ್ತವೆ. ಸಿಹಿ ಸವಿ ಕೊಡುವ ಥಿಯನೀನ್ ಮಾತ್ರ ತಣ್ಣೀರಿಗೂ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಗಿಡ ನಾವು ಕುಡಿಯುವ ಕಪ್ಪು ಚಹಾದ್ದೇ, ಬೇರೆ ಅಲ್ಲ. ಕಿತ್ತ ಕೂಡಲೇ ಎಲೆಗೆ ಹಬೆ ಹಿಡಿದೋ ಬಾಣಲೆಯಲ್ಲಿ ಬಾಡಿಸಿಯೋ ಕಪ್ಪಾಗದ ಹಾಗೆ ತಡೆಯುತ್ತಾರೆ, ಅಷ್ಟೇ. ಜಪಾನಿನಲ್ಲಿ ಬೇಸಿಗೆಗೆ ಹೀಗೆ ತಣ್ಣೀರಿನಲ್ಲಿ ಚಹಾ ಇಳಿಸುವುದು ಮನೆಮನೆಯ ರೂಢಿ, ಮಿಝುದಾಶಿ ಅನ್ನುತ್ತಾರೆ.

ಈಗ ನೀರಿನ ಮಾತು. ನಮ್ಮ ಊರಿನವರು ಇದನ್ನು ಓದಲೇಬೇಕು, ಏಕೆಂದರೆ ನಾನು ಒಂದು ತಿಂಗಳು ಸುಮ್ಮನೆ ಎಲೆಯನ್ನು ಬೈದೆ. ನಮ್ಮ ಮನೆಯಲ್ಲಿ ಬೋರಿನ ನೀರು ಸವುಳು. ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಇಸ್ತ್ರಿಯ ತೂತುಗಳಲ್ಲಿ ಸುಣ್ಣ ತುಂಬುತ್ತದೆ. ಆ ನೀರಿನಲ್ಲಿ ನೆನೆಸಿದ ಚಹಾ ಕಂದು ಹಳದಿಯಾಗಿ, ಮಬ್ಬಾಗಿ, ಒದ್ದೆ ಹುಲ್ಲಿನ ಹಾಗೆ ಸಪ್ಪೆಯಾಗಿ ಬಂತು. ನಳ ಬಂದ ದಿನ ಕೃಷ್ಣೆಯ ನೀರನ್ನು ಕಾಯಿಸಿ ಆರಿಸಿ ಅದೇ ಎಲೆ, ಅದೇ ತೂಕ ಹಾಕಿ ಇಟ್ಟೆ. ಬೆಳಿಗ್ಗೆ ಎರಡೂ ಲೋಟ ಪಕ್ಕಪಕ್ಕದಲ್ಲಿ ಕಟಿಂಗ್ ಟೇಬಲ್ಲಿನ ಬಿಳಿ ಬಟ್ಟೆಯ ಮೇಲೆ ಇಟ್ಟರೆ, ಎರಡು ಬೇರೆ ಅಂಗಡಿಯ ಚಹಾ ಅನ್ನಬೇಕು ಹಾಗಿತ್ತು. ಈಗ ನಳದ ನೀರು ಇಲ್ಲದ ದಿನ ಫಿಲ್ಟರ್ ನೀರಿನ ಕ್ಯಾನು ತರಿಸುತ್ತೇನೆ, ಅದರಲ್ಲೂ ಚೆನ್ನಾಗಿ ಬರುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಪಕ್ಕದ ತೊರವಿಯಿಂದ, ಬೇಗಂ ತಲಾಬ್ ಕೆರೆಯಿಂದ ನೆಲದಡಿಯ ಕೊಳವೆಯಲ್ಲಿ ನೀರು ತಂದು ಕುಡಿದ ಊರು ಇದು. ಯಾವ ನೀರು ಯಾವುದಕ್ಕೆ ಎಂಬ ಲೆಕ್ಕ ನಮಗೆ ಹೊಸದೇನಲ್ಲ.

ಎಲೆಯಲ್ಲಿ ಮೂರು ಬಗೆ ನೋಡಿದೆ. ಪೊಟ್ಟಣದ ಟೀ ಬ್ಯಾಗು ಬೇಡ. ಒಳಗಿರುವುದು ಪುಡಿ, ಎರಡು ತಾಸಿನಲ್ಲಿ ಬಣ್ಣ ಬಿಟ್ಟು ಬೆಳಗಾಗುವಷ್ಟರಲ್ಲಿ ಒಗರಾಗುತ್ತದೆ. ಹಿಮಾಚಲದ ಕಾಂಗ್ಡಾ ಎಲೆ ನಯ, ಹೂವಿನಂಥ ವಾಸನೆ, ಆದರೆ ನನಗೆ ತುಟ್ಟಿ. ತಮ್ಮ ಕೂನೂರಿಗೆ ಹೋದಾಗ ತಂದ ನೀಲಗಿರಿಯ ಇಡೀ ಎಲೆಯೇ ನನಗೆ ಒಗ್ಗಿದ್ದು. 100 ಗ್ರಾಂಗೆ 320 ರೂಪಾಯಿ, ಅಂದರೆ ಒಂದು ಬಾಟಲಿಗೆ 32. ಅದೇ ಎಲೆಗೆ ಮತ್ತೆ ಅರ್ಧ ಲೀಟರ್ ನೀರು ಹಾಕಿ ನಾಲ್ಕೈದು ತಾಸು ಇಟ್ಟರೆ ಮಧ್ಯಾಹ್ನಕ್ಕೂ ಆಗುತ್ತದೆ. ಎರಡನೆಯದು ತೆಳು, ಅದಕ್ಕೆ ಇಂಡಿ ಲಿಂಬೆ ಬೇಕೇ ಬೇಕು. 2023ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಬಂದ ನಮ್ಮ ಜಿಲ್ಲೆಯ ಲಿಂಬೆ, ಸಿಪ್ಪೆ ತೆಳು, ರಸ ಜಾಸ್ತಿ, ಅರ್ಧ ಹೋಳು ಸಾಕು. ಲೋಟಕ್ಕೆ ಹಿಂಡಿಕೊಳ್ಳಿ, ಬಾಟಲಿಗಲ್ಲ.

ಬಾಟಲಿಯ ಕೊರತೆಗಳನ್ನೂ ಹೇಳಬೇಕು. ಮೊದಲು ಬಂದದ್ದು ಬಾಯಿಯ ಅಂಚು ಒಡೆದಿತ್ತು. ಫೋಟೋ ಕಳಿಸಿ, ಮೂರು ಸಲ ಫೋನು ಹಚ್ಚಿ, ಬದಲಿ ಬರಲು 11 ದಿನ ಹಿಡಿಯಿತು. ಬಾಯಿ ಎರಡೂವರೆ ಇಂಚು, ಕೈ ಹೋಗುವುದಿಲ್ಲ, ಉದ್ದ ಬ್ರಷ್ ಬೇರೆ ಕೊಳ್ಳಬೇಕು. ಜಾಳಿಗೆ ಹತ್ತಿದ ಕಂದು ಕಲೆ ತಿನ್ನುವ ಸೋಡಾ ಹಾಕಿ ತಿಕ್ಕಿದರೆ ಹೋಗುತ್ತದೆ. ಹೋಗದಿರುವುದು ಮುಚ್ಚಳದ ರಬ್ಬರ್ ರಿಂಗಿನ ವಾಸನೆ. ಒಂದು ದಿನ ಫ್ರಿಜ್ಜಿನಲ್ಲಿ ಬೆಳ್ಳುಳ್ಳಿ ಚಟ್ನಿಯ ವಾಟಿ ಪಕ್ಕದಲ್ಲಿತ್ತು, ಒಂದು ವಾರ ಚಹಾಕ್ಕೆ ಬೆಳ್ಳುಳ್ಳಿ. ರಿಂಗ್ ಬೇರೆಯಾಗಿ ಮಾರುವುದೂ ಇಲ್ಲ. ಹೀಗೆ ಎರಡು ವರ್ಷ ನಡೆಯುವ ವಸ್ತುವನ್ನು ಐದು ರೂಪಾಯಿಯ ರಿಂಗಿಗಾಗಿ ಎಸೆಯುವಂತೆ ಮಾಡುವುದು ತಪ್ಪು, ಇದು ನನ್ನ ದೊಡ್ಡ ತಕರಾರು.

ಕರೆಂಟಿನ ಬಗ್ಗೆ ಎಚ್ಚರ ಇರಲಿ. ಮೇ ತಿಂಗಳ ಒಂದು ರಾತ್ರಿ ಗಾಳಿ-ಮಳೆಗೆ ಕರೆಂಟು ಹೋಗಿ ಬೆಳಗಿನವರೆಗೂ ಬರಲಿಲ್ಲ. ಬಾಟಲಿ ಬೆಚ್ಚಗಾಗಿತ್ತು, ಚಹಾ ಮಬ್ಬಾಗಿತ್ತು, ಚೆಲ್ಲಿದೆ. ಕುದಿಸದೆ ಮಾಡಿದ್ದನ್ನು ಹೊರಗೆ ಇಡಬಾರದು, ಫ್ರಿಜ್ಜಿನಲ್ಲೂ ನಾನು ಒಂದು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಊಟದ ಜೊತೆಗೂ ಕುಡಿಯಬಾರದು. ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಚಹಾ ಕಡಿಮೆ ಮಾಡುತ್ತದೆ. ನನ್ನ ಜೊತೆ ಹೊಲಿಯುವ ಹುಡುಗಿಯರಲ್ಲಿ ಒಬ್ಬಳಿಗೆ ರಕ್ತ ಕಡಿಮೆ. ಅವಳ ಲೋಟವನ್ನು ಊಟಕ್ಕಿಂತ ಒಂದು ತಾಸು ಮೊದಲೇ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಊಟವಾಗಿ ಒಂದು ತಾಸು ಕಳೆದ ಮೇಲೆ.

ಹಾಲಿನ ಚಹಾ ಈಗ ಎರಡೇ ಸಲ, ಬೆಳಿಗ್ಗೆ ಒಂದು, ಸಂಜೆ ಒಂದು. ನನ್ನ ಎದೆಯುರಿ ಕಡಿಮೆಯಾಗಿದೆ. ಮತ್ತೆ ಬಾಟಲಿ ಕೊಳ್ಳಬೇಕಾದರೆ ಉದ್ದ ಜಾಳಿ ಇರುವ ಇಂಥದ್ದನ್ನೇ ಕೊಳ್ಳುತ್ತೇನೆ. ಆದರೆ 899 ರೂಪಾಯಿ ಇಲ್ಲ ಎಂದು ಯಾರೂ ಬಿಡಬೇಕಿಲ್ಲ. ಹೋದ ತಿಂಗಳು ರಕ್ತ ಕಡಿಮೆ ಇರುವ ಆ ಹುಡುಗಿ ಒಂದು ಹಿಡಿ ಎಲೆ ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು. ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎಲೆಯನ್ನು ಹಾಗೇ ಬಿಡಿಯಾಗಿ ನೆನೆಸಿ, ಬೆಳಿಗ್ಗೆ ಮನೆಯ ಚಹಾ ಸೋಸಣಿಗೆಯಲ್ಲೇ ಸೋಸಿ ತಂದಿದ್ದಳು. "ಕುಡದ್ ನೋಡ್ರಿ ಅಕ್ಕಾ" ಅಂತ ಲೋಟ ಮುಂದಿಟ್ಟಳು. ತಳದಲ್ಲಿ ನಾಲ್ಕು ಎಲೆಚೂರು ಇದ್ದವು, ರುಚಿ ಮಾತ್ರ ನನ್ನ ಬಾಟಲಿಯದ್ದೇ.