ಬೆಳಗಾವಿಯಲ್ಲಿ ಮೊಣಕಾಲಿನ ಆರ್ತ್ರೋಸ್ಕೋಪಿ: ವೈದ್ಯರು ಸರಿ, ಬಿಡುಗಡೆಯ ಚೀಟಿ ಸಾಲದು

ಕುಸ್ತಿಯಾಡುವ ನನ್ನ ತಮ್ಮನಿಗೆ ಮೊಣಕಾಲಿನ ಮೆನಿಸ್ಕಸ್, ಅಂದರೆ ಕೀಲಿನ ಮೂಳೆಗಳ ನಡುವಿನ ಮೆತ್ತೆ, ಹರಿದಿದ್ದರಿಂದ ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಆರ್ತ್ರೋಸ್ಕೋಪಿ (ಸಣ್ಣ ರಂಧ್ರದಿಂದ ದುರ್ಬೀನು ಬಿಟ್ಟು ಕೀಲಿಗೆ ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿದೆವು. ಶಸ್ತ್ರವೈದ್ಯರ ಕೆಲಸದ ಬಗ್ಗೆ ನಮಗೆ ಎಳ್ಳಷ್ಟೂ ತಕರಾರಿಲ್ಲ. ತಕರಾರಿರುವುದು ಅದರ ನಂತರದ ವ್ಯವಸ್ಥೆಯ ಬಗ್ಗೆ.

ಎಂ.ಆರ್.ಐ. ನೋಡಿದ ಕೂಡಲೇ ವೈದ್ಯರು ಆಪರೇಷನ್ ಮಾತೆತ್ತಲಿಲ್ಲ. ಕಾಲನ್ನು ಮಡಚಿ, ತಿರುಗಿಸಿ, ಕೀಲು ಸಿಕ್ಕಿಕೊಂಡು ಪೂರ್ತಿ ಚಾಚಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನಿರ್ಧರಿಸಿದರು. ಜೊತೆಗಿದ್ದ ನಮ್ಮ ಅವ್ವ ತನ್ನ ಮೊಣಕಾಲಿಗೂ ಇದನ್ನೇ ಮಾಡಿರೆಂದು ಕೇಳಿದಾಗ, "ಅವ್ವಾರ, ನಿಮ್ಮದು ಸವೆತ, ಇದರಿಂದ ಗುಣ ಆಗೂದಿಲ್ರಿ" ಎಂದು ನೇರವಾಗಿ ಹೇಳಿದರು. ಸವೆದ ಕೀಲನ್ನು ಹೀಗೆ ತೊಳೆದು ಕೆರೆದವರಿಗೂ, ಚರ್ಮವನ್ನಷ್ಟೇ ಕೊಯ್ದು ಹೊಲಿದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿದ್ದರೂ, ಬಂದ ಗಿರಾಕಿಯನ್ನು ಹಾಗೆ ವಾಪಸು ಕಳಿಸುವವರು ಎಷ್ಟು ಮಂದಿ?

ಬೆನ್ನಿಗೆ ಅರಿವಳಿಕೆ ಕೊಟ್ಟು, ಮಂಡಿಚಿಪ್ಪಿನ ಕೆಳಗೆ ಎರಡೂ ಬದಿಗೆ ಸಣ್ಣ ರಂಧ್ರ ಮಾಡಿ, ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನನ್ನು ಒಳಗೆ ಬಿಟ್ಟು, ಸಲೈನ್ ಹರಿಸುತ್ತಾ ಪರದೆಯ ಮೇಲೆ ನೋಡಿಕೊಂಡು ಕೆಲಸ ಮಾಡಿದರು. ಎಚ್ಚರವಾಗಿಯೇ ಇದ್ದ ತಮ್ಮನಿಗೆ ಹರಿದ ತುಣುಕು ಕೀಲಿನ ನಡುವೆ ಮಡಚಿಕೊಂಡಿದ್ದನ್ನು ಕೊಕ್ಕೆಯಿಂದ ಎತ್ತಿ ತೋರಿಸಿದರಂತೆ. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಸಂಚಾರವಿರುವುದರಿಂದ ಅಲ್ಲಿ ಹರಿದದ್ದನ್ನು ಹೊಲಿದರೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಒಳಭಾಗದಲ್ಲಿ ಹರಿದದ್ದನ್ನು ಸಾಮಾನ್ಯವಾಗಿ ಕತ್ತರಿಸಿ ನಯಗೊಳಿಸಬೇಕಾಗುತ್ತದೆ. ಇವನದು ಅಂಚಿನಲ್ಲಿದ್ದುದರಿಂದ ಹೊಲಿದರು.

ಹೊಲಿಗೆ ಹಾಕಿದ ಕಾಲಿಗೆ ಕತ್ತರಿಸಿದ ಕಾಲಿಗಿಂತ ಹೆಚ್ಚಿನ ಪಥ್ಯ ಬೇಕು: ಭಾರ ಊರುವುದು, ಮಡಚುವುದು ಎಲ್ಲವೂ ನಿಧಾನ, ಕೂತೇಳುವ ಬೈಠಕ್ಕಂತೂ ತಿಂಗಳುಗಟ್ಟಲೆ ದೂರ. ಆದರೆ ಬಿಡುಗಡೆಯ ಚೀಟಿಯಲ್ಲಿದ್ದುದು "ಫಿಜಿಯೋಥೆರಪಿ ಮುಂದುವರಿಸುವುದು" ಎಂಬ ಒಂದೇ ಸಾಲು. ಹೊಲಿದಿದ್ದಾರೋ ಕತ್ತರಿಸಿದ್ದಾರೋ ಎಂಬುದೂ ಅದರಲ್ಲಿ ಇರಲಿಲ್ಲವಾದ್ದರಿಂದ, ಬೈಲಹೊಂಗಲದ ಫಿಜಿಯೋಥೆರಪಿಸ್ಟ್ ಕಾಲು ಮುಟ್ಟುವ ಮೊದಲು ವೈದ್ಯರಿಗೇ ಫೋನ್ ಮಾಡಿ ಕೇಳಿದರು. ಹೊಲಿಗೆಯ ಸಾಮಗ್ರಿಯ ವೆಚ್ಚವೂ ಮೊದಲು ಹೇಳಿದ ಅಂದಾಜಿನಲ್ಲಿ ಸೇರಿರಲಿಲ್ಲ; ಬಿಲ್ಲಿನಲ್ಲೇ ಕಂಡಿತು.

ಅದೇ ವೈದ್ಯರ ಬಳಿಗೆ ಹೋಗಿರೆಂದು ಪರಿಚಯದವರಿಗೆ ಹೇಳುತ್ತಿದ್ದೇನೆ. ಅಂದಾಜು ಪಟ್ಟಿಯಲ್ಲಿ ಹೊಲಿಗೆಯ ಖರ್ಚನ್ನು ಬೇರೆಯಾಗಿ ಬರೆಸಿಕೊಳ್ಳಿ, ಕಾಲಿನ ಮೇಲೆ ಯಾವ ವಾರ ಎಷ್ಟು ಭಾರ ಹಾಕಬೇಕೆಂಬುದನ್ನು ಲಿಖಿತವಾಗಿ ಪಡೆಯದೆ ಹಾಸಿಗೆ ಬಿಡಬೇಡಿ ಎಂದೂ ಹೇಳುತ್ತೇನೆ.