ಫಾಕರ್ ಐಂಡೆಕರ್ ಇ.3 ಕಿಟ್: ಇಂಜಿನ್ ಸೊಗಸು, ರೆಕ್ಕೆ ಎಡವಟ್ಟು

1/48 ಅಳತೆಯ, ಅಂದರೆ ಅಸಲಿ ವಿಮಾನದ 48ನೇ ಒಂದು ಭಾಗದಷ್ಟಿರುವ ಮಾದರಿ ಜೋಡಿಸುವ ಪ್ಲಾಸ್ಟಿಕ್ ಕಿಟ್ ಇದು. ಮೊದಲ ಮಹಾಯುದ್ಧದ ಜರ್ಮನ್ ವಿಮಾನ, ಒಂದೇ ಜೊತೆ ರೆಕ್ಕೆ, ಒಬ್ಬನೇ ಪೈಲಟ್. ಜೋಡಿಸಿ ಮುಗಿಸಲು ಮೂರು ವಾರ ಹಿಡಿಯಿತು.

ಮೊದಲು ಇಂಜಿನ್. ಒಂಬತ್ತು ಸಿಲಿಂಡರ್, ಅಸಲಿಯದು 100 ಅಶ್ವಶಕ್ತಿಯದು. ರೋಟರಿ ಇಂಜಿನ್ ಅಂದರೆ ನಡುವಿನ ಶಾಫ್ಟ್ ಕದಲುವುದಿಲ್ಲ, ಇಡೀ ಇಂಜಿನ್ನೇ ಪ್ರೊಪೆಲ್ಲರ್ ಜೊತೆ, ಕೀಲೆಣ್ಣೆಯಾಗಿ ಹಾಕಿದ ಹರಳೆಣ್ಣೆ ಎರಚುತ್ತಾ ಗಿರಗಿರ ತಿರುಗುತ್ತದೆ. ಕಿಟ್‌ನಲ್ಲೂ ಹಾಗೇ ತಿರುಗುತ್ತದೆ. ಅಂಟು ಒಂದು ಹನಿ ಜಾಸ್ತಿಯಾದರೆ ಕಥೆ ಮುಗೀತು, ಹುಷಾರು.

ಈ ವಿಮಾನ ಹೆಸರುವಾಸಿಯಾಗಿದ್ದು ಮಷೀನ್ ಗನ್‌ನಿಂದ. ಗನ್ ಪ್ರೊಪೆಲ್ಲರ್ ಹಿಂದಿದ್ದರೆ ಗುಂಡು ತನ್ನದೇ ಅಲಗಿಗೆ ತಗಲುವ ಅಪಾಯ. 1915ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಪೈಲಟ್ ರೋಲಾಂ ಗಾರೋಸ್ ಪ್ರೊಪೆಲ್ಲರ್‌ಗೆ ಉಕ್ಕಿನ ತುಂಡು ಕಟ್ಟಿಕೊಂಡು, ತಗಲಿದ ಗುಂಡು ಪಕ್ಕಕ್ಕೆ ಚಿಮ್ಮಲಿ ಅಂತ ಹಾರಾಡಿದ್ದ. ಭಂಡ ಧೈರ್ಯ ಅಲ್ವಾ? ಫಾಕರ್‌ನವರು ಇಂಜಿನ್‌ನಿಂದ ಗನ್‌ಗೆ ಒಂದು ಕಡ್ಡಿ ಜೋಡಿಸಿ, ಪ್ರೊಪೆಲ್ಲರ್ ಅಲಗು ಅಡ್ಡ ಇಲ್ಲದಾಗ ಮಾತ್ರ ಗುಂಡು ಹಾರುವ ಹಾಗೆ ಮಾಡಿದರು. ಆ ಕಡ್ಡಿ ಕಿಟ್‌ನಲ್ಲೂ ಇದೆ, ಕೂದಲಿನಷ್ಟು ಸಣ್ಣ. ನನ್ನದು ಕತ್ತರಿಸುವಾಗಲೇ ಮುರಿಯಿತು. ತೆಳುವಾದ ತಾಮ್ರದ ತಂತಿ ಹಾಕಿ ಸುಧಾರಿಸಿದೆ.

ಈಗ ಬೈಗುಳ. ರೆಕ್ಕೆಯ ತುದಿಯಲ್ಲಿ ಐಲರಾನ್ (ವಿಮಾನ ವಾಲಿಸಲು ಮೇಲೆ ಕೆಳಗೆ ಆಡುವ ಪಟ್ಟಿ) ಇರುವ ಹಾಗೆ ಗೆರೆ ಕೆತ್ತಿದ್ದಾರೆ. ಐಂಡೆಕರ್‌ಗೆ ಐಲರಾನೇ ಇರಲಿಲ್ಲ! ಪೈಲಟ್ ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಿ ವಿಮಾನ ವಾಲಿಸುತ್ತಿದ್ದ. ಗನ್ ಕಡ್ಡಿಯವರೆಗೂ ಗಮನಿಸಿದವರು ಇದನ್ನು ಹೇಗೆ ಬಿಟ್ಟರೋ. ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಣ್ಣ ಬಳಿದು ಒಂದು ಭಾನುವಾರ ಪೂರ್ತಿ ಹೋಯಿತು.

ಅದಕ್ಕಿಂತ ಸಿಟ್ಟು ಬಂದಿದ್ದು ತಂತಿಗಳ ವಿಷಯಕ್ಕೆ. ರೆಕ್ಕೆಯ ಮೇಲೂ ಕೆಳಗೂ ತಂತಿಗಳ ಬಲೆಯೇ ಇರುವ ವಿಮಾನಕ್ಕೆ ಡಬ್ಬಿಯಲ್ಲಿ ಒಂದೆಳೆ ದಾರವೂ ಇಲ್ಲ, ಎಲ್ಲಿಂದ ಎಲ್ಲಿಗೆ ಕಟ್ಟಬೇಕು ಅನ್ನುವ ಚಿತ್ರವೂ ಸರಿಯಿಲ್ಲ. ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿ ಅಸಲಿ ಇ.3 ಒಂದಿದೆ, 1916ರಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಅದರ ಫೋಟೋ ದೊಡ್ಡದು ಮಾಡಿ ನೋಡುತ್ತಾ ಎಲಾಸ್ಟಿಕ್ ದಾರ ಕಟ್ಟಿದೆ.

ಡೀಕಾಲ್, ಅಂದರೆ ಗುರುತುಗಳ ಅಂಟುಚಿತ್ರಗಳು, ತೆಳುವಾಗಿವೆ, ಚೆನ್ನಾಗಿ ಕೂರುತ್ತವೆ. ಸೀಟು ಸುಮಾರು.

ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಎರಡು ಇಂಜಿನ್‌ಗೇ. ಮೊದಲ ಸಲ ಕಿಟ್ ಜೋಡಿಸುವವರು ಇದರ ತಂಟೆಗೆ ಹೋಗಬೇಡಿ. ಕೈ ಪಳಗಿದವರು ತೆಗೆದುಕೊಳ್ಳಿ, ದಾರ ಮತ್ತು ಪುಟ್ಟಿ ಜೊತೆಗೇ ತರಿಸಿಕೊಳ್ಳಿ.